ಲೋಹಿತಾಗೆ ಹೇಳಿದ ದಾರಿ

ಇದು ನಮ್ಮ ಪಕ್ಕದ ಮನೆ ನಾಗರತ್ನಮ್ಮನ ತಮ್ಮ ಮಲ್ಲೇಶನಿಗೆ ಆದದ್ದು. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಆದರೆ ನಡುವೆ ನಗಬೇಡಿ. ಸತ್ತವಳು ಒಳ್ಳೆಯವಳು.

ಹೋದ ಮಹಾಲಯ ಅಮಾವಾಸ್ಯೆ ರಾತ್ರಿ ಮಲ್ಲೇಶ ಕೊನೇ ಬಸ್ಸಿನಿಂದ ಗೊರವನಹಳ್ಳಿ ತಿರುವಿನಲ್ಲಿ ಇಳಿದ. ಬಸ್ಸಿನ ದೀಪ ಮರೆಯಾದ ಮೇಲೆ ಕತ್ತಲು... ತನ್ನ ಕೈ ತನಗೇ ಕಾಣದಷ್ಟು. ಆಲದ ಮರದ ಕೆಳಗೆ ತರಗೆಲೆ ಚರಕ್ ಚರಕ್ ಅಂದಿತು. ನಿಂತ. ಸದ್ದೂ ನಿಂತಿತು. ಅವನ ಕಾಲಿನದೇ. ಹಾಳುಬಾವಿ ದಾಟುವಾಗ ಒಳಗೆ ಏನೋ ಬುಳಕ್ ಅಂತು. ಕಪ್ಪೆಯಿರಬೇಕು. ಅವನು ತಿರುಗಿಯೂ ನೋಡಲಿಲ್ಲ. ಸತ್ತ ಹೆಂಡತಿಯನ್ನೇ ಹುಡುಕಿಕೊಂಡು ಹೊರಟವನಿಗೆ ಇನ್ಯಾವ ಹೆದರಿಕೆ?

ಮಲ್ಲೇಶನದು ಗೊರವನಹಳ್ಳಿ ಲಕ್ಷ್ಮಿ ಗುಡಿಯ ಮುಂದೆ ಹೂವು-ಕಾಯಿ ಅಂಗಡಿ. ಮೊದಲು ಮನೆಯೂ ಅಲ್ಲೇ ಇತ್ತು. ಆಮೇಲೆ ಹೊಳವನಹಳ್ಳಿಯ ಹೊರಗೆ, ದೊಡ್ಡ ಬಂಡೆಯ ಹಿಂದೆ, ಹೊಸ ಮನೆ ಕಟ್ಟಿಸಿದ. ಮನೆಯೇನೋ ಚೆನ್ನ. ಆದರೆ ಬಂಡೆಯ ಮರೆಗೆ ಮೊಬೈಲು ಸಿಗುತ್ತಿರಲಿಲ್ಲ. ತಾರಸಿ ಹತ್ತಬೇಕಿತ್ತು. ಅದಕ್ಕೇ ಹಳೇ ಮನೆಯ ಇಂಟರ್ನೆಟ್ ಫೋನಿನ ಡಬ್ಬಿಯನ್ನು ತಂದು ಹೊಸ ಮನೆಯ ನೆಟ್ಟಿಗೆ ಸಿಕ್ಕಿಸಿದ. ಅದೇ ನಂಬರು, ಅದೇ ಗಂಟೆ. ಗಂಡ ಹೆಂಡತಿ ಇಬ್ಬರಿಗೂ ಖುಷಿ.

ನೆಟ್ ಎಳೆಯಲು ಬಂದಿದ್ದ ಜಯಕುಮಾರ್ ಆಗಲೇ ಹೇಳಿದ್ದ. "ಮಲ್ಲೇಶಣ್ಣ, ಫೋನಿನವ್ರಿಗೆ ಹೇಳಿ ಅಡ್ರೆಸ್ ಬದಲಾಯ್ಸು. ಈ ಡಬ್ಬಿ ಎಲ್ಲಿಟ್ರೂ ಕೆಲ್ಸ ಮಾಡ್ತದೆ. ಆದ್ರೆ ಎಲ್ಲದೆ ಅಂತ ಅವ್ರಿಗೆ ಗೊತ್ತಾಗಾಕಿಲ್ಲ. ಅವ್ರು ಬರ್ಕೊಂಡಿರೋ ಅಡ್ರೆಸ್ಸೇ ಅವ್ರ ಪಾಲಿಗೆ ನಿನ್ನ ಮನೆ."

"ಇರ್ಲಿ ಬುಡಪ್ಪ. ಅದು ಲಕ್ಷ್ಮಿ ಇರೋ ಊರು. ಆ ಹೆಸ್ರು ತೆಗ್ಸಿದ್ರೆ ಕೈ ಹಿಡಿದ ತಾಯ್ನ ನಾವೇ ಬುಟ್ಟಂಗೆ," ಅಂದಿದ್ದ ಮಲ್ಲೇಶ. ಹೆಂಡತಿ ಲೋಹಿತಾನೂ ಹೂಂ ಅಂದಿದ್ದಳು.

ಅವಳಿಗೆ ಮೊದಲಿಂದ ಉಬ್ಬಸ. ಒಂದು ಶುಕ್ರವಾರ ಮಧ್ಯಾಹ್ನ ಉಸಿರು ಹಿಡಿದುಕೊಂಡಿತು. ಗಂಡ ಅಂಗಡಿಯಲ್ಲಿ. ತಾರಸಿ ಹತ್ತುವ ಶಕ್ತಿಯಿಲ್ಲ. ಆ ಫೋನಿನಿಂದಲೇ ಆಂಬುಲೆನ್ಸಿಗೆ ಮಾಡಿದಳು. ಮಾತು ಹೊರಡಲಿಲ್ಲ. ಬರೀ ಸುಂಯ್... ಸುಂಯ್... ಕಡೆಗೆ "ಬನ್ನಿ" ಅಂದಳಂತೆ, ಅಷ್ಟೇ. ಅತ್ತ ಕೂತವರು ಪರದೆಯ ಮೇಲಿದ್ದ ವಿಳಾಸಕ್ಕೆ ಗಾಡಿ ಕಳಿಸಿದರು. ಗೊರವನಹಳ್ಳಿಗೆ!

ಆ ಗಾಡಿ ಮಲ್ಲೇಶನ ಅಂಗಡಿ ಮುಂದೆಯೇ ಕೂಗಿಕೊಂಡು ಹೋಯಿತು. ಶುಕ್ರವಾರದ ಜನಜಂಗುಳಿ. ದಾರಿಗಡ್ಡ ಇದ್ದ ಹೂವಿನ ಬುಟ್ಟಿಯನ್ನು ಅವನೇ ಎತ್ತಿ ಒಳಗಿಟ್ಟ. "ಪಾಪ, ಯಾರ ಮನೇದೋ," ಅಂದ. ಹಳೇ ಮನೆಗೆ ಬೀಗ ಹಾಕಿತ್ತು. ಅಲ್ಲಿ ಬಾಡಿಗೆಗಿದ್ದ ಹನುಮಕ್ಕ ಇವನ ಅಂಗಡಿಯಲ್ಲೇ ಹೂ ಕಟ್ಟುತ್ತಾ ಕೂತಿದ್ದಳು. ಗಾಡಿಯವರು ಬಾಗಿಲು ಬಡಿದರು, ತಿರುಗಿ ಫೋನ್ ಮಾಡಿದರು, ಸಿಗಲಿಲ್ಲ. ಹೋದರು. ಸಂಜೆ ಮಲ್ಲೇಶ ಮನೆ ಸೇರಿದಾಗ ಲೋಹಿತಾ ನೆಲದ ಮೇಲಿದ್ದಳು. ರಿಸೀವರನ್ನು ಎದೆಗೆ ಒತ್ತಿಕೊಂಡಿದ್ದಳು.

ಆಮೇಲೆ ಹನುಮಕ್ಕ ಒಂದು ಮಾತು ಶುರು ಮಾಡಿದಳು. ರಾತ್ರಿ ಹೊತ್ತು ಬಾಗಿಲಾಚೆ ಯಾರೋ ಉಸಿರೆಳೀತಾರೆ, ಏನೋ ಕೇಳ್ತಾರೆ ಅಂತ. ಮಲ್ಲೇಶ ರೇಗಿ ಬಾಯಿ ಮುಚ್ಚಿಸಿದ್ದ. ಆದರೆ ಅಮಾವಾಸ್ಯೆ ದಿನ ಹೊಸ ಮನೆಯಲ್ಲಿ ಲೋಹಿತಾಗೆ ಎಡೆ ಇಟ್ಟರು. ಸೀರೆ, ಬಳೆ, ಅವಳಿಗಿಷ್ಟದ ಅಡುಗೆ. ಹಿರೀಕರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತರು. ಬಾಗಿಲು ತೆರೆದಾಗ ಮಲ್ಲೇಶನಿಗೆ ಮನೆ ಬರಿದು ಅನ್ನಿಸಿತು.

"ಬಂದು ಹೋಗಿರ್ತಾಳೆ ಬುಡು," ಅಂದಳು ಅಕ್ಕ ನಾಗರತ್ನಮ್ಮ.

"ಬಂದಿಲ್ಲ ಕಣಕ್ಕ. ಅವಳ ಕೂಗು ಹೋದ ಕಡೀಕೇ ಅವಳೂ ಹೋಗವ್ಳೆ. ಕರ್ಕೊಂಬತ್ತೀನಿ." ಎಡೆಯ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟ.

ಅವನು ಹಳೇ ಮನೆ ತಲುಪಿದಾಗ ಹನುಮಕ್ಕ ಅರ್ಧ ಬಾಗಿಲು ತೆರೆದಳು. ಪಿಸುಮಾತಿನಲ್ಲಿ ಕೇಳಿದ, "ಇವತ್ತು ಬಂದ್ಲಾ?"

"ಇನ್ನೂ ಇಲ್ಲ ಕಣಪ್ಪ. ಬತ್ತಾಳೆ."

"ಏನಂತಾಳೆ?"

"ಬಂದ್ರಾ... ಅಂತಾಳೆ. ಅಷ್ಟೇಯ."

ಹನುಮಕ್ಕನನ್ನು ಒಳಗೆ ಕಳಿಸಿ ಜಗಲಿಯ ಮೇಲೆ ಕೂತ. ಊರು ಮಲಗಿತು. ನಾಯಿಗಳೂ ಸುಮ್ಮನಾದವು. ಆಗ... ಬೇಲಿಯ ಹತ್ತಿರ ಸುಂಯ್... ಸುಂಯ್... ಮೆಟ್ಟಿಲ ಹತ್ತಿರ... ಗಾಜಿನ ಬಳೆ ಕಂಬಕ್ಕೆ ತಾಗಿ ಟಣ್ ಅಂತು.

"ಬಂದ್ರಾ...?"

ಮಲ್ಲೇಶನ ಎದೆ ಒಡೆದುಹೋಯಿತು. ಅವಳು ಕಾಯುತ್ತಿದ್ದದ್ದು ಅವನನ್ನಲ್ಲ, ಆ ಗಾಡಿಯನ್ನು. ಆದರೂ ಅಂದ, "ಬಂದೆ ಕಣೇ. ತಡ ಆಯ್ತು. ನಡಿ, ನಮ್ಮನೇಗೋಗುವಾ."

ಎದ್ದು ನಡೆದ. ಉಸಿರು ಹಿಂದೆಯೇ ಬಂತು. ಬಾವಿ ದಾಟಿತು. ಆಲದ ಮರದ ತಿರುವಿನಲ್ಲಿ ನಿಂತುಬಿಟ್ಟಿತು. ಯಾವ ಕಡೆ ಅಂತ ತಿಳಿಯದೆ ನಿಂತವರ ಹಾಗೆ. ಆಗ ಅವನು ಹೇಳತೊಡಗಿದ. "ಹೊಳವನಹಳ್ಳಿ ಬಸ್ ಸ್ಟಾಪ್ ದಾಟ್ಬೇಕು. ಹಾಲಿನ ಡೇರಿ ಸಿಕ್ತದೆ. ಅಲ್ಲಿ ಎಡಕ್ಕೆ. ದೊಡ್ಡ ಬಂಡೆ ಹಿಂದುಗಡೆ, ನೀಲಿ ಗೇಟು. ಅದೇ ನಮ್ಮನೆ ಕಣೇ." ಮತ್ತೆ ಉಸಿರು ಹೊರಟಿತು. ಅಷ್ಟು ದೂರವೂ ಅವನು ಅದನ್ನೇ ಹೇಳುತ್ತಾ ನಡೆದ. ಬಾಯಿ ಒಣಗಿದರೂ ಬಿಡಲಿಲ್ಲ. ಅವತ್ತು ಫೋನಿನವರಿಗೆ ಹೇಳದೆ ಉಳಿಸಿಕೊಂಡಿದ್ದ ಮಾತು ಅದು. ಒಮ್ಮೆ ತಿರುಗಿ ನೋಡಬೇಕು ಅನ್ನಿಸಿತು. ನೋಡಲಿಲ್ಲ. ನೋಡಿ, ಯಾರೂ ಇಲ್ಲದಿದ್ದರೆ?

ಹೊಳವನಹಳ್ಳಿ ಹತ್ತಿರವಾಗುವಾಗ ಉಸಿರು ಕೇಳದಾಯಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಗಾಡಿ ಬಂತು. ಅವನ ಹತ್ತಿರ ಬಂದಾಗ ಪೂರಾ ನಿಧಾನವಾಯಿತು. ಸದ್ದಿಲ್ಲದೆ ಪಕ್ಕದಲ್ಲೇ ಹಾದು ಮುಂದೆ ಹೋಯಿತು.

ಮನೆ ಮುಟ್ಟಿದಾಗ ನೀಲಿ ಗೇಟಿನ ಮುಂದೆ ಆಂಬುಲೆನ್ಸು ನಿಂತಿತ್ತು. ನಾಗರತ್ನಮ್ಮ ತಲೆಬಾಗಿಲಲ್ಲಿ ಗರಬಡಿದವಳಂತೆ ನಿಂತಿದ್ದಳು. ಒಬ್ಬಳೇ ಮಲಗಿದ್ದವಳು, ಯಾರಿಗೂ ಫೋನ್ ಮಾಡಿರಲಿಲ್ಲ. ಮಾಡಲು ಮನೆಯಲ್ಲಿ ಫೋನಾದರೂ ಎಲ್ಲಿತ್ತು? ಲೋಹಿತಾಳ ಮಣ್ಣು ಮುಗಿಸಿ ಬಂದ ದಿನವೇ ಮಲ್ಲೇಶ ಆ ಡಬ್ಬಿಯನ್ನು ಬಂಡೆಗೆ ಬಡಿದು ಪುಡಿ ಮಾಡಿದ್ದ.

ಡ್ರೈವರ್ ಬೈರಪ್ಪ ಸ್ಟ್ರೆಚರ್ ಎಳೆಯುತ್ತಾ ಕೇಳಿದ, "ಪೇಷೆಂಟ್ ಎಲ್ಲವ್ರೆ?"

ಮಲ್ಲೇಶ ಚೀಲದಿಂದ ಎಡೆಯ ಸೀರೆಯನ್ನು ತೆಗೆದು ಎದೆಗೆ ಒತ್ತಿಕೊಂಡ.

ನಡೆದದ್ದು ಇಷ್ಟು. ಬೈರಪ್ಪ ಮಧುಗಿರಿಯವನು, ಈಗಲೂ ಗಾಡಿ ಓಡಿಸುತ್ತಾನೆ, ಹೋಗಿ ಕೇಳಿ. ಫೋನ್ ಮಾಡಿದ್ದು ಹೆಂಗಸು, ಉಬ್ಬಸದ ದನಿ, ಆದರೂ ಡೇರಿ, ಬಂಡೆ, ನೀಲಿ ಗೇಟು ಎಲ್ಲ ಬಿಡಿಸಿ ಹೇಳಿದಳು ಅಂತಾನೆ. ಫೋನ್ ಇಡುವ ಮುಂಚೆ ಇನ್ನೊಂದು ಮಾತು ಅಂದಳಂತೆ. ದಾರಿಯಲ್ಲಿ ಗಾಡಿ ನಿಧಾನ ಮಾಡಿದ್ದು ಅದಕ್ಕೇ ಅಂತೆ.

"ಕತ್ತಲಲ್ಲಿ ನಮ್ಮ ಯಜಮಾನ್ರು ಒಬ್ರೇ ನಡ್ಕೊಂಡು ಬತ್ತಾವ್ರೆ. ಸ್ವಲ್ಪ ನೋಡ್ಕೊಂಡು ಬನ್ನಿ."