ಭಾವ ಓದಿದ ವಿಮರ್ಶೆ

ಹಳೆಯ ಯುದ್ಧಚಿತ್ರದ ಮರುಪ್ರದರ್ಶನ ಮುಗಿದಿತ್ತು. ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಸಿನಿಮಾ ನೋಡಿ ಬಂದ, ವಯಸ್ಸಾದ ಒಬ್ಬ ಅಕ್ಕ, ಅವರ ತಮ್ಮ ಕೂತಿದ್ದರು.

"ಎಲ್ಲರೂ ಎದ್ದು ಚಪ್ಪಾಳೆ ಹೊಡೆದ್ರಲ್ಲೋ. ನೀನ್ಯಾಕೆ ಕೂತೇ ಇದ್ದೆ?"

"ಈ ಸಿನಿಮಾ ಮೊದಲು ಬಂದಾಗ ಪತ್ರಿಕೇಲಿ ಹೀಗಳೆದು ಬರೆದೋನು ನಾನೇ ಅಲ್ವಾ ಅಕ್ಕ? ಸಿಪಾಯಿಗಳು ಹೀಗೆಲ್ಲ ಅಳೋದಿಲ್ಲ ಅಂತ."

"ಗೊತ್ತು. ನಿಮ್ಮ ಭಾವ ಓದಿದ್ರು."

"ಏನಂದ್ರು?"

"ಏನೂ ಅನ್ನಲಿಲ್ಲ. ಹಿಂದಿನ ದಿನ ಸಿನಿಮಾ ನೋಡ್ಕೊಂಡು ಬಂದು, ತಾವು ಯುದ್ಧದಲ್ಲಿ ಕಂಡಿದ್ದನ್ನ ಮೊದಲ್ನೇ ಸಲ ನನ್ನ ಹತ್ರ ಹೇಳ್ಕೊಂಡು ಅತ್ತಿದ್ರು. ನಿನ್ನದು ಓದಿದ್ಮೇಲೆ ಸಾಯೋತನಕ ಆ ಮಾತೇ ಎತ್ತಲಿಲ್ಲ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ನಂಗೆ?"

"ಹೇಗೆ ಹೇಳ್ಲಿ? ತಮ್ಮನ ಹೆಸರು ಅಚ್ಚಾಗಿದೆ ಅಂತ ಬೀಗ್ಕೊಂಡು, ಅವರ ಕೈಗೆ ಪತ್ರಿಕೆ ಕೊಟ್ಟೋಳೇ ನಾನು ಕಣೋ."

ಬಸ್ಸು ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಹತ್ತಿದರು.