ಏರಿ ತಾಳೆಮರದವರೆಗೆ ಬರುತ್ತದೆ

ಹೆಸರು ಅಂಬುಜಾ, ವಯಸ್ಸು 22, ಬಿ.ಎ. (ಕನ್ನಡ ಸಾಹಿತ್ಯ), ನುಂಗಂಬಾಕ್ಕಂನ ಸರ್ವೆ ಕಚೇರಿಯಲ್ಲಿ ವರದಿ ಬರೆಯುವ ಕೆಲಸ. ವಾಸ: ಸೋದರಮಾವ ರಘುರಾಮ ಅವರ ಮನೆ, ಮೈಲಾಪೂರ್. ತಮಿಳು ಬರೆಯಲು ಬಾರದ ಕಾರಣ ಕನ್ನಡದಲ್ಲಿ ಬರೆದು ಈ ಮೂಲಕ ತಿಳಿಸುವುದೇನೆಂದರೆ:

ಇಂದು ಬೆಳಿಗ್ಗೆ 6.30ಕ್ಕೆ ಮಾವನವರು ತಾವೇ ನನಗೆ ಕಾಫಿ ತಂದುಕೊಟ್ಟರು. ನಾನು ಮೈಸೂರಿನಿಂದ ಬಂದ ಎಂಟು ತಿಂಗಳಲ್ಲಿ ಇದು ಮೊದಲ ಸಲ. ಸರ್ವೆ ಕಚೇರಿಯೂ ಅವರದೇ.

ಕಳೆದ ಜನವರಿ 22ರಂದು ಒಂದು ಕಂಪನಿಯ ಕಟ್ಟಡಕ್ಕಾಗಿ ಪೋರೂರು ಕೆರೆಯ ಪಕ್ಕದ ಜಾಗವನ್ನು ಸರ್ವೆ ಮಾಡಿದೆವು. ಅಲ್ಲಿ ಮೀನು ಮಾರುವ ಕನ್ನಿಯಮ್ಮ (55) ಅವರನ್ನು ಆ ಜಾಗದ ಬಗ್ಗೆ ವಿಚಾರಿಸಿದೆ. ಅವರು ನೀರಿನಂಚಿನಿಂದ 140 ಅಡಿ ದೂರದ ತಾಳೆಮರ ತೋರಿಸಿ, “ಏರಿ ಪನಮರಂ ವರೈಕ್ಕುಂ ವರುಂ, ಪಾಪ್ಪಾ,” ಎಂದರು, ಅಂದರೆ ಏರಿ ತಾಳೆಮರದವರೆಗೂ ಬರುತ್ತದೆ, ಮಗೂ ಎಂದು. ನಮ್ಮ ಕನ್ನಡದಲ್ಲಿ ಏರಿ ಎಂದರೆ ಕೆರೆಯ ಒಡ್ಡು. ಆದ್ದರಿಂದ ಮರದವರೆಗಿನ ನೆಲ ಒಡ್ಡಿಗೆ ಸೇರಿದ್ದು, ಅಲ್ಲಿ ನೀರು ನಿಲ್ಲುವುದಿಲ್ಲ ಎಂದು ಇಂಗ್ಲಿಷಿನಲ್ಲಿ ವರದಿ ಬರೆದೆ. ಅದಕ್ಕೆ ಅವರ ಹೆಬ್ಬೆಟ್ಟನ್ನು ನಾನೇ ಒತ್ತಿಸಿಕೊಂಡೆ.

ತಮಿಳಿನಲ್ಲಿ ಏರಿ ಎಂದರೆ ಕೆರೆಯೇ ಎಂದು ಮಾರ್ಚಿನಲ್ಲಿ ಬಸ್ಸಿನ ಕಂಡಕ್ಟರ್ ಕೆರೆಯ ಬಳಿಯ ಸ್ಟಾಪನ್ನು ‘ಏರಿ’ ಎಂದು ಕೂಗಿದಾಗ ತಿಳಿಯಿತು. ಒಡ್ಡು ಬರುವುದಿಲ್ಲ, ನೀರು ಬರುತ್ತದೆ. ಕ್ರಿಯಾಪದವನ್ನಾದರೂ ನಾನು ಗಮನಿಸಬೇಕಿತ್ತು. ಅಂದೇ ಮಾವನವರಿಗೆ ಹೇಳಿದೆ. ವರದಿ ಹೋಗಿಯಾಗಿದೆ, ಸುಮ್ಮನಿರು ಎಂದರು. ಸುಮ್ಮನಿದ್ದೆ.

ನಿನ್ನೆ ಮಧ್ಯಾಹ್ನ 3.10ಕ್ಕೆ ತಾಳೆಮರದ ಬಳಿ ಮಣ್ಣು ಸುರಿಯಲು ಬಂದ ಲಾರಿಗೆ ಕನ್ನಿಯಮ್ಮ ಅಡ್ಡ ಕುಳಿತರು. ಆಗ ಹೆಬ್ಬೆಟ್ಟು ಒತ್ತಿ ಈಗ ಸುಳ್ಳು ಹೇಳುತ್ತಿದ್ದಾರೆಂದು ಕಂಪನಿ ಠಾಣೆಗೆ ದೂರು ಕೊಟ್ಟಿದೆ; ವರದಿ ಬರೆದವಳೆಂದು ನನ್ನನ್ನೂ ಹೇಳಿಕೆಗೆ ಕರೆಸಿದ್ದಾರೆ.

ಇಂದು ಆಟೋದಲ್ಲಿ ಠಾಣೆಗೆ ಬರುವಾಗ ಮಾವನವರು, “ಏರಿ ಅಂದಿದ್ದು ಅವಳೇ ತಾನೇ? ಅಷ್ಟು ಹೇಳಿ ಎದ್ದು ಬಾ ಪುಟ್ಟಿ. ಸುಳ್ಳೇನಲ್ವಲ್ಲ,” ಎಂದರು. ಮುನ್ನೂರು ಜನರಿಗೆ ಕೆಲಸ ಸಿಗುತ್ತದೆ, ವರದಿ ತಪ್ಪೆಂದರೆ ಕಚೇರಿ ಮುಚ್ಚಬೇಕಾಗುತ್ತದೆ, ನಿನ್ನ ಅಪ್ಪನಿಗೆ ಏನು ಹೇಳಲಿ ಎಂದೂ ಕೇಳಿದರು.

10.20ಕ್ಕೆ ಠಾಣೆಯ ಬೆಂಚಿನಲ್ಲಿ ಕನ್ನಿಯಮ್ಮ ಜರುಗಿ ನನಗೆ ಜಾಗ ಕೊಟ್ಟರು. ಕಟ್ಟಡ ಬೇಡವೆಂದು ತಾವು ಹೇಳಿಲ್ಲ, ತಮ್ಮ ಮಗಳಿಗೂ ಅಲ್ಲಿ ಕೆಲಸ ಬೇಕು, ಮರದ ಆಚೆ ಕಟ್ಟಲಿ ಎಂದರು. ಏರಿಯೊಳಗೆ ಕಟ್ಟಿದರೆ ಕೆಲಸ ಮೀನುಗಳಿಗೆ ಕೊಡುತ್ತಾರಾ ಎಂದು ಕೇಳಿದರು. ಕಾನ್‌ಸ್ಟೇಬಲ್ ನಕ್ಕರು. ತಪ್ಪು ಯಾರದೆಂದು ಕನ್ನಿಯಮ್ಮನವರಿಗೆ ಇನ್ನೂ ಗೊತ್ತಿಲ್ಲ.

ತಪ್ಪು ನನ್ನದು. ಅವರು ಕೆರೆ ಎಂದೇ ಹೇಳಿದ್ದರು. ಅಂದಿನ ಟಿಪ್ಪಣಿ ಪುಸ್ತಕವನ್ನು ಇದರೊಂದಿಗೆ ಒಪ್ಪಿಸಿದ್ದೇನೆ. ಈಗ ಇದನ್ನು ಅವರಿಗೂ ತಮಿಳಿನಲ್ಲಿ ಹೇಳುತ್ತೇನೆ. ಅವರನ್ನು ಮನೆಗೆ ಕಳುಹಿಸುವವರೆಗೆ ನಾನು ಬೆಂಚಿನಿಂದ ಏಳುವುದಿಲ್ಲ. ಹೊರಗೆ ನಿಂತಿರುವ ಮಾವನವರಿಗೆ ಊಟಕ್ಕೆ ನನಗಾಗಿ ಕಾಯಬಾರದೆಂದು ತಿಳಿಸಬೇಕಾಗಿ ವಿನಂತಿ.

ಮೇಲಿನ ಮಾತುಗಳು ನನ್ನವೇ, ನಾನು ತಿಳಿದಂತೆ ನಿಜ. ಯಾರೂ ಹೇಳಿ ಬರೆಸಿದ್ದಲ್ಲ.

ಸ್ಥಳ: ಪೋರೂರು
ದಿನಾಂಕ: 11-6-2003
ಸಹಿ: ಅಂಬುಜಾ