ನೀರಡಿಕೆ ಬಿಲ್ಲೆ

ಮಾನ್ಯ ಅಧ್ಯಕ್ಷರಾದ ಅಣ್ಣಪ್ಪನವರೇ, ಹನ್ನೊಂದು ವರ್ಷ ನನ್ನೊಡನೆ ಒಂದೇ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದ ಗುರುಬಂಧುಗಳೇ, ವಿದ್ಯಾರ್ಥಿಗಳೇ, ಎಮ್ಮೆ ಹಿಂಡುವ ಹೊತ್ತಾದರೂ ಎದ್ದು ಹೋಗದೆ ಕೂತಿರುವ ಮೂಡಲಗಿಯ ಸಭಿಕರೇ,

ಬರುವ ಸೋಮವಾರ ನಾನು ಹುಕ್ಕೇರಿಯ ಶಾಲೆಯಲ್ಲಿ ಹಾಜರಾಗಬೇಕು. ವರ್ಗದ ಆರ್ಡರು ಬಂದ ದಿನದಿಂದ ನನ್ನ ಬಗ್ಗೆ ಒಳ್ಳೆಯ ಮಾತುಗಳೇ ಕಿವಿಗೆ ಬೀಳುತ್ತಿವೆ. ನಾನು ಇಷ್ಟು ಒಳ್ಳೆಯವನೆಂದು ಗೊತ್ತಿದ್ದರೆ ವರ್ಗವನ್ನು ಮೊದಲೇ ಕೇಳಿಕೊಳ್ಳುತ್ತಿದ್ದೆ. ಅಧ್ಯಕ್ಷರು ನಾನು ಮಾಡಿದ ನೀರಡಿಕೆ ಬಿಲ್ಲೆಯನ್ನು ಹೊಗಳಿದರು. ಕಾಲುವೆ ನೀರು ಬಂದ ಮೇಲೆ ನಮ್ಮ ಹೊಲಗಳು ಉಪ್ಪೇರಿ ಸವಳಾಗದಂತೆ ಅದು ಕಾಯ್ದಿತು ಎಂದರು. ಗೋಕಾಕದ ಪ್ರದರ್ಶನದಲ್ಲಿ ಸಿಕ್ಕ ಪ್ರಶಸ್ತಿಪತ್ರವನ್ನು ಓದಿದರು. ಎಲ್ಲ ಖರೆ. ಆದರೆ ಪ್ರಶಸ್ತಿ ಬಂದದ್ದು ಎರಡನೆಯ ಬಿಲ್ಲೆಗೆ. ಮೊದಲನೆಯ ಬಿಲ್ಲೆ ಏನಾಯಿತು? ಈ ಸಭೆಯಲ್ಲಿ ಅದು ಇಬ್ಬರಿಗೆ ಮಾತ್ರ ಗೊತ್ತು. ಒಬ್ಬ ನಾನು. ಇನ್ನೊಬ್ಬರು ಆ ಬಾಗಿಲ ಹತ್ತಿರ, ನೀರಿನ ಹರವಿಯ ಪಕ್ಕದಲ್ಲಿ ಕೂತಿದ್ದಾರೆ. ಲಗಮವ್ವ, ಏಳಬ್ಯಾಡ್ರಿ, ಅಲ್ಲೇ ಕುಂದ್ರಿ.

ಲಗಮವ್ವ ನಮ್ಮ ಶಾಲೆಗೆ ಕುಡಿಯುವ ನೀರು ತುಂಬುವವರು. ನಾನು ಇಲ್ಲಿಗೆ ಬಂದ ಮೊದಲ ದಿನ ಅವರ ಬಳಿ ನೀರು ಕೇಳಿದೆ. ಕೇಳಿ, ಚಿಕ್ಕಂದಿನ ರೂಢಿಯಂತೆ, ಮೇಲಿಂದ ಹೊಯ್ಯಲೆಂದು, ಬೊಗಸೆ ಒಡ್ಡಿ ನಿಂತೆ. ಅವರು ನನ್ನ ಬೊಗಸೆ ನೋಡಿದರು, ನನ್ನ ಮುಖ ನೋಡಿದರು, ತಂಬಿಗೆಯನ್ನು ನನ್ನ ಕೈಗೇ ಕೊಟ್ಟರು. ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಹೇಳಿದೆ.

ಬಿಲ್ಲೆಯ ಮಾತಿಗೆ ಬರುತ್ತೇನೆ. ಬಿಲ್ಲೆ ಎಂದರೇನು? ದವಾಖಾನೆಯಲ್ಲಿ ಮುರಿದ ಕೈಗೆ ಹಾಕುವ ಪ್ಲಾಸ್ಟರ್ ಹುಡಿಯನ್ನು ನೀರಿನಲ್ಲಿ ಕಲಸಿ, ಕಡ್ಡಿಪೆಟ್ಟಿಗೆಯಲ್ಲಿ ಹೊಯ್ದು, ಒಳಗೆ ಎರಡು ತಾಮ್ರದ ತಂತಿಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿದರೆ ಆಯಿತು. ಅದನ್ನು ಬೇರಿನ ಆಳದಲ್ಲಿ ಹೂಳಬೇಕು. ತಂತಿಯ ತುದಿಗಳನ್ನು ಒಂದು ಸೆಲ್ಲಿಗೂ ಮುಳ್ಳಿನ ಮೀಟರಿಗೂ ಜೋಡಿಸಬೇಕು. ಮಣ್ಣು ಹಸಿಯಿದ್ದರೆ ಬಿಲ್ಲೆ ನೀರು ಹೀರುತ್ತದೆ, ಕರೆಂಟು ಹರಿಯುತ್ತದೆ, ಮುಳ್ಳು ಏಳುತ್ತದೆ. ಒಣಗಿದ್ದರೆ ಮುಳ್ಳು ಮಲಗಿರುತ್ತದೆ. ಮಲಗಿದಾಗ ಹೊಲಕ್ಕೆ ನೀರು ಬಿಡಿ, ಎದ್ದಾಗ ನಿಲ್ಲಿಸಿ. ಇಷ್ಟೇ ವಿದ್ಯೆ. ಯಾವುದೋ ಹಳೆಯ ಮಾಸಪತ್ರಿಕೆಯಲ್ಲಿ ಓದಿದ್ದೆ.

ಅರವತ್ತೊಂದರ ಬೇಸಿಗೆಯಲ್ಲಿ ಶಾಲೆಯ ಹಿತ್ತಲಲ್ಲಿ ಒಂದನ್ನು ಹೂಳಿ ನೋಡಿದೆ. ಎಂಟೇ ದಿನಕ್ಕೆ ತಂತಿ ಕೂಡಿಸಿದ ಬೆಸುಗೆಗೆ ನೀರು ಸೇರಿ ಹಸಿರು ಕಿಲುಬು ಹತ್ತಿತು. ಗೋಕಾಕದಲ್ಲಿ ರೇಡಿಯೋ ರಿಪೇರಿ ಮಾಡುವ ಕೇದಾರಿಯವರಿಗೆ ಒಯ್ದು ತೋರಿಸಿದೆ. ಅವರು ಗಿರಾಕಿಗಳ ಗದ್ದಲದಲ್ಲಿ ತಲೆ ಎತ್ತದೆ, "ನೀರ ಹೋಗದಂಗ ಮಾಡ್ರಿ" ಅಂದರು. ಬೆಸುಗೆಗೆ ಹೋಗದಂತೆ ಎಂದು ಅವರ ಅರ್ಥ. ನಾನು ತಿಳಿದುಕೊಂಡದ್ದೇ ಬೇರೆ.

ಯಾಕೆ? ಕೌಜಲಗಿಯಲ್ಲಿ ನಮ್ಮಪ್ಪ ಉದ್ದಪ್ಪ, ಎತ್ತು ಹೂಡಿ ಬಾವಿಯಿಂದ ನೀರೆಳೆಯುವ ತೊಗಲಿನ ಚೀಲ ಹೊಲಿಯುತ್ತಿದ್ದವರು. ಜೇನುಮೇಣ, ರಾಳ, ಎಣ್ಣೆ ಕೂಡಿಸಿ ಕಾಸಿ ಹೊಲಿಗೆಗೆ ತಿಕ್ಕುತ್ತಿದ್ದರು. ಅವರ ಚೀಲ ಒಂದು ಹನಿ ಸೋರಿತೆಂದು ಯಾರೂ ಅಂದವರಿಲ್ಲ. ಊರು ನಮ್ಮ ಮನೆಯನ್ನು ಮೆಚ್ಚಿದ್ದು ಅದೊಂದಕ್ಕೇ. ಅಂಥ ಮನೆಯಲ್ಲಿ ಬೆಳೆದವನಿಗೆ 'ನೀರು ಹೋಗದಂತೆ ಮಾಡು' ಎಂದರೆ ಅವನು ಏನು ಮಾಡುತ್ತಾನೆ? ಇಡೀ ಬಿಲ್ಲೆಯನ್ನೇ ಮೇಣದಲ್ಲಿ ಅದ್ದಿ ತೆಗೆದೆ. ಒಂದಲ್ಲ, ಮೂರು ಸಲ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹನಿ ಹೋಗುವುದಿಲ್ಲ ಎಂದರು. ಅವರು ನನ್ನ ಕೈಕೆಲಸ ಹೊಗಳಿದ್ದು ಅದೊಂದೇ ಸಲ. ಆಮೇಲೆ ಪರೀಕ್ಷೆಗೆಂದು ಬೆಳಿಗ್ಗೆಯಿಂದ ಸಂಜೆಯತನಕ ಬಿಲ್ಲೆಯನ್ನು ಬಕೀಟಿನ ನೀರಿನಲ್ಲಿ ಮುಳುಗಿಸಿಟ್ಟು ಮೀಟರ್ ನೋಡಿದೆ. ಮುಳ್ಳು ಅಲುಗಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ! ನೀವು ನಗುತ್ತಿದ್ದೀರಿ, ನಗಬೇಕಾದ್ದೇ. ಆವತ್ತು ನಗುವವರು ಯಾರೂ ನನ್ನ ಹತ್ತಿರ ಇರಲಿಲ್ಲ.

ಆ ಬಿಲ್ಲೆಯನ್ನು ಹೂಳಿದ್ದು ಲಗಮವ್ವನವರ ಹೊಲದಲ್ಲಿ. ಕಾಲುವೆಯ ಕೆಳಗೆ ಅವರಿಗೆ ಅರ್ಧ ಎಕರೆ ಇದೆ, ಅದರಲ್ಲಿ ಅರಿಷಿಣ. ಬೀಜದ ಗಡ್ಡೆ ಅವರ ತವರಿನದು, ಅಂಕಲಗಿಯದು. ಮದುವೆಯಾಗಿ ಬರುವಾಗ ತಾಯಿ ಉಡಿಯಲ್ಲಿ ಹಾಕಿ ಕಳಿಸಿದ ಬೀಜ. ಪ್ರತಿವರ್ಷ ಅದರಲ್ಲೇ ಒಂದಿಷ್ಟು ಎತ್ತಿಟ್ಟು ಮತ್ತೆ ನೆಲಕ್ಕೆ ಹಚ್ಚುತ್ತಿದ್ದರು. ತವರಿನಲ್ಲಿ ಜನ ಯಾರೂ ಉಳಿದಿರಲಿಲ್ಲ. ಆ ಬೀಜ ಒಂದು ಉಳಿದಿತ್ತು.

ಮಳೆ ನಿಂತ ಮೇಲೆ ಮೀಟರ್ ಹಚ್ಚಿದೆ. ಮುಳ್ಳು ಮಲಗಿತ್ತು. ನೀರು ಬಿಡಿ ಎಂದೆ. ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ಮಲಗಿತ್ತು, ಮತ್ತೆ ಬಿಡಿ ಎಂದೆ. ಲಗಮವ್ವ ತಮ್ಮ ಕಾಲಿಗೆ ಹಸಿ ಹತ್ತುತ್ತಿದೆ ಎಂದರು. ಮೇಲೆ ಹಸಿ ಇರುತ್ತದೆ, ಬೇರಿನ ಹತ್ತಿರ ಒಣಗಿದೆ, ಮೀಟರ್ ಸುಳ್ಳು ಹೇಳುವುದಿಲ್ಲ ಎಂದು ನಾನು ಪಾಠ ಹೇಳಿದೆ. ಮಾಸ್ತರನ ಮಾತೆಂದು ಅವರು ನಂಬಿದರು. ತಿಂಗಳೊಪ್ಪತ್ತಿನಲ್ಲಿ ಎಲೆ ಹಳದಿಯಾಯಿತು. ಒಂದು ಗಿಡ ಕಿತ್ತರೆ ಗಡ್ಡೆ ಅವರ ಕೈಯಲ್ಲೇ ಕೊಳೆತು ಕುಸಿಯಿತು. ನಾನು ಕೆಸರಿನಲ್ಲಿ ಮೊಣಕೈತನಕ ಕೈ ಹಾಕಿ ಬಿಲ್ಲೆ ಎತ್ತಿದೆ, ಕಲ್ಲಿನಿಂದ ಒಡೆದೆ. ಅಷ್ಟು ನೀರಿನ ನಡುವೆ ಒಳಗೆಲ್ಲ ಒಣ ಒಣ ಬಿಳಿ ಹುಡಿ.

ಲಗಮವ್ವ ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಅಂದರು: "ಬಾಯಿ ಹೊಲಿದು ನೀರಾಗ ಕುಂದ್ರಿಸೀರಿ. ಅದು ನೀರಡಿಕಿ ಅನ್ನದೆ ಮತ್ತೇನ ಅಂದೀತ್ರಿ, ಮಾಸ್ತರ?"

ಅಷ್ಟೇ ಅಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೆಳೆ ಏನಾಯಿತೆಂದು ಊರವರು ಕೇಳಿದರೆ ರೋಗ ಬಿತ್ತು ಎಂದರು, ನನ್ನ ಹೆಸರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮೂರು ವರ್ಷ ಎತ್ತಲಿಲ್ಲ, ಪ್ರಶಸ್ತಿ ತೆಗೆದುಕೊಳ್ಳುವಾಗಲೂ ಎತ್ತಲಿಲ್ಲ. ಅದಕ್ಕೆ ನನಗೆ ನಾಚಿಕೆಯಿದೆ.

ಒಡ್ಡಿನ ಮೇಲಿನ ಎತ್ತರದ ಅಂಚಿಗೆ ನೀರು ಏರಿರಲಿಲ್ಲ. ಅಲ್ಲಿ ಒಂದು ಬುಟ್ಟಿಯಷ್ಟು ಗಡ್ಡೆ ಗಟ್ಟಿ ಉಳಿದಿತ್ತು. ಮರುವರ್ಷ ಅದನ್ನು ಹಚ್ಚುವಾಗ ಲಗಮವ್ವ ನನ್ನ ಮನೆಗೆ ಬಂದು ಬಿಲ್ಲೆ ತರಲು ಹೇಳಿದರು. ನಾನು ಒಲ್ಲೆ ಎಂದೆ, ಕೈ ಮುಗಿದೆ. ಆಗ ಅವರು ಅಂದ ಮಾತು ಇದು: "ತಪ್ಪೂದಿದ್ರ ನನ್ನ ಹೊಲದಾಗ ತಪ್ರಿ. ಬ್ಯಾರೆಯವರ ಹೊಲದಾಗ ತಪ್ಪಿದ್ರ ನಿಮ್ಮನ್ನ ಈ ಊರಾಗ ಇಟ್ಕೊಳ್ಳಂಗಿಲ್ಲ." ಸಭಿಕರೇ, ನಿಮ್ಮನ್ನು ದೂರುತ್ತಿಲ್ಲ. ಅವರಿಗೆ ಊರೂ ಗೊತ್ತಿತ್ತು, ನಾನೂ ಗೊತ್ತಿದ್ದೆ.

ಈ ಸಲ ಮೇಣವನ್ನು ಬೆಸುಗೆಗೆ ಮಾತ್ರ ಹಚ್ಚಿದೆ, ಬಿಲ್ಲೆಯ ಮೈಯನ್ನು ಬರಿದೇ ಬಿಟ್ಟೆ. ಮುಳ್ಳು ಎದ್ದಾಗಲೂ ಬಿದ್ದಾಗಲೂ ಲಗಮವ್ವ ಬರಿಗಾಲಿನಿಂದ ಮಣ್ಣು ಮೆಟ್ಟಿ ಹೂಂ ಎನ್ನಬೇಕು, ಆಮೇಲೆಯೇ ನಾನು ಮೀಟರಿನ ಮೇಲೆ ಗೆರೆ ಎಳೆಯಬೇಕು. 'ಮಾಪಕದ ಗುರುತುಗಳು ಬಹು ನಿಖರವಾಗಿವೆ' ಎಂದು ಪ್ರಶಸ್ತಿಪತ್ರದಲ್ಲಿದೆಯಲ್ಲ, ಆ ಗುರುತುಗಳು ಇವರ ಪಾದದವು.

ಇವತ್ತು ಬೆಳಿಗ್ಗೆ ಲಗಮವ್ವ ಸೆರಗಿನ ಗಂಟು ಬಿಚ್ಚಿ ಒಂದು ಬೊಗಸೆ ಅರಿಷಿಣದ ಬೀಜ ನನಗೆ ಕೊಟ್ಟರು. ಅದೇ ಬೀಜ. ನನ್ನ ಕೈಗೆ ಇದನ್ನು ಮತ್ತೆ ಕೊಡುತ್ತೀರಾ ಎಂದು ಕೇಳಿದೆ. ಅವರು, "ಹುಕ್ಕೇರ್ಯಾಗ ಹಚ್ರಿ. ನಂದು ಮತ್ತ ಕೆಟ್ರ ಬೀಜಕ್ಕ ನಿಮ್ಮ ಮನೀಗೇ ಬರ್ತೇನಿ. ನನಗೂ ತವರ ಅಂತ ಒಂದ ಇರಲಿ" ಅಂದರು.

ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಉತ್ತರವನ್ನು ಈಗ ಎಲ್ಲರ ಮುಂದೆ ಹೇಳುತ್ತೇನೆ. ಲಗಮವ್ವ, ಬೀಜ ಕೆಡೂತನಕ ಕಾಯಬ್ಯಾಡ್ರಿ. ಹಂಗೇ ಬರ್ರಿ.

ಈ ಶಾಲು ಹೊದಿಸಿದ ಕೈಗಳಿಗೆ, ನನ್ನ ತಪ್ಪನ್ನು ಇಷ್ಟು ಹೊತ್ತು ಕೂತು ಕೇಳಿದ ನಿಮಗೆ, ಹನ್ನೊಂದು ವರ್ಷ ನನಗೆ ನೀರು ಕೊಟ್ಟ ಆ ಹರವಿಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.